ನಡೆಯುವವರ ಬೀದಿ: ಚರ್ಚ್ ಸ್ಟ್ರೀಟ್ ಕಲಿಸಿದ್ದು, ಚಳ್ಳಕೆರೆ ಮಾಡಬಹುದಾದದ್ದು

(ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಗರದ ನಡುವಿನ ಕೆಲವು ಬೀದಿಗಳನ್ನು ವಾಹನಗಳಿಂದ ಬಿಡಿಸಿ ನಡೆಯುವವರಿಗೇ ಕೊಡಬೇಕು, ಅಂಥ ಬೀದಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚಬೇಕು ಎಂಬುದು ನಾನು ಇಂದು ಮಂಡಿಸುವ ವಿಚಾರ. ಇದು ಬೆಂಗಳೂರಿನ ವಿಷಯ, ಸಿದ್ದಾಪುರದಲ್ಲಿ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ನೆಲದಲ್ಲಿ ಈ ಮಾತಿಗೆ ಬಹಳ ಹಳೆಯ ಬೇರು ಇದೆ ಎಂದು ನಾನು ನಂಬಿದ್ದೇನೆ.

1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ ಈ ಮೂರು ಕಡೆ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಇಲ್ಲಿನ ಅಧಿಕಾರಿಗಳಿಗೆ, ಬಂದ ಆಜ್ಞೆ ಅದು. ಶ್ರಮಪಟ್ಟರೆ ಫಲ ಸಿಗುವುದು ದೊಡ್ಡವರಿಗೆ ಮಾತ್ರವೇ ಅಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬ ಆಶಯ ಅದರಲ್ಲಿದೆ. ಅದೇ ದೊರೆ ಬೇರೆ ಕಡೆಯ ಶಾಸನಗಳಲ್ಲಿ ದಾರಿಯ ಬದಿಗೆ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಮನುಷ್ಯರಿಗೆ ಮತ್ತು ಪ್ರಾಣಿಗಳಿಗೆ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ದಾರಿಯಲ್ಲಿ ನಡೆಯುವವರ ದಣಿವು, ನೆರಳು, ನೀರು ಇವು ಆಳುವವರ ಹೊಣೆ ಎಂಬ ಅರಿವು ಈ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆ ಕಲ್ಲಿನ ಮೇಲೆ ಬರೆದಿಡುವಷ್ಟು ಗಟ್ಟಿಯಾಗಿತ್ತು. ಇಂದು ನಮ್ಮ ಪಟ್ಟಣಗಳ ಬೀದಿಯಲ್ಲಿ ನಡೆಯುವವರಿಗೆ ಏನು ಉಳಿದಿದೆ ಎಂದು ಕೇಳುವ ಹಕ್ಕು ಈ ಊರಿಗೆ ಬೇರೆಲ್ಲ ಊರುಗಳಿಗಿಂತ ಹೆಚ್ಚಾಗಿದೆ.

1. ಬೀದಿ ಯಾರದು?

ಕೇಂದ್ರ ಸರ್ಕಾರ ಪ್ರಕಟಿಸಿದ ರಸ್ತೆ ಅಪಘಾತಗಳ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು. ಐದು ಸಾವುಗಳಲ್ಲಿ ಸುಮಾರು ಒಂದು, ಯಾವ ವಾಹನದಲ್ಲೂ ಕೂರದೆ ತನ್ನ ಕಾಲ ಮೇಲೆ ಹೋಗುತ್ತಿದ್ದವರದು. ಶಾಲೆಗೆ ಹೊರಟ ಮಗು, ಹಾಲಿನ ಡೇರಿಯಿಂದ ಬರುತ್ತಿದ್ದ ತಾಯಿ, ಬಸ್ಸಿಳಿದು ರಸ್ತೆ ದಾಟುತ್ತಿದ್ದ ಅಜ್ಜ, ಇಂಥವರು.

ನಮ್ಮ ನೀತಿಗಳು ಕಾಗದದ ಮೇಲೆ ಸರಿಯಾಗಿಯೇ ಇವೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ರಸ್ತೆಯ ಯೋಜನೆ ವಾಹನಗಳನ್ನು ಸಾಗಿಸುವುದಕ್ಕಲ್ಲ, ಜನರನ್ನು ಸಾಗಿಸುವುದಕ್ಕೆ ಎಂದು ಹೇಳಿತು. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಗಡಿ ಬೀದಿಯಲ್ಲಿ ಅದಕ್ಕಿಂತ ಹೆಚ್ಚಿರಬೇಕು ಎನ್ನುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನಲ್ಲೇ ಅಡಗಿದೆ, ಅಂಗವಿಕಲರಿಗೂ ಅದು ಬಳಸಲು ಬರುವಂತಿರಬೇಕು ಎಂದು ಹೇಳಿತು.

ಈಗ ಯಾವುದೇ ತಾಲ್ಲೂಕು ಕೇಂದ್ರದ ಪೇಟೆ ಬೀದಿಗೆ ಬನ್ನಿ. ಅಂಗಡಿಯ ಮೆಟ್ಟಿಲು ಚರಂಡಿಯ ಮೇಲೆ ಬಂದಿರುತ್ತದೆ. ಚರಂಡಿಯ ಮೇಲಿನ ಕಡಪ ಕಲ್ಲೇ ಫುಟ್‌ಪಾತ್. ಅದರಲ್ಲೂ ನಡುವೆ ಒಂದು ಮುರಿದಿರುತ್ತದೆ. ಕಲ್ಲಿಗೆ ಒತ್ತಿಕೊಂಡು ಸಾಲಾಗಿ ಬೈಕುಗಳು, ಬೈಕಿನ ಹಿಂದೆ ಅಡ್ಡಲಾಗಿ ಒಂದು ಕಾರು, ಕಾರಿನ ಪಕ್ಕ ಬಾಳೆಹಣ್ಣಿನ ತಳ್ಳುಗಾಡಿ. ಇಷ್ಟೆಲ್ಲ ಕಳೆದು ಉಳಿದ ಜಾಗದಲ್ಲಿ ಎದುರಾಬದುರಾ ಲಗೇಜ್ ಆಟೊ ಮತ್ತು ಟ್ರ್ಯಾಕ್ಟರ್. ಕೈಚೀಲ ಹಿಡಿದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಹೆಣ್ಣುಮಗಳು ಈ ಎಲ್ಲದರ ಸಂದಿಯಲ್ಲಿ ದಾರಿ ಹುಡುಕಬೇಕು. ಆ ಬೀದಿಯಲ್ಲಿ ತಲೆ ಎಣಿಸಿದರೆ ನಡೆಯುವವರೇ ಹೆಚ್ಚು. ಜಾಗ ಅಳೆದರೆ ಅವರದೇ ಕಡಿಮೆ. ನನ್ನ ಇಡೀ ವಾದ ಈ ಒಂದು ಲೆಕ್ಕದ ಮೇಲೆ ನಿಂತಿದೆ.

2. ಚರ್ಚ್ ಸ್ಟ್ರೀಟ್‌ನ ಪ್ರಯೋಗ

ಕರ್ನಾಟಕದಲ್ಲಿ ಇದನ್ನು ಸರಿಪಡಿಸಲು ನಡೆದ ಪ್ರಯತ್ನಗಳಲ್ಲಿ ಎಲ್ಲರ ಗಮನ ಸೆಳೆದದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟ್. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ, ಎಂ.ಜಿ. ರಸ್ತೆಗೆ ಸಮಾನಾಂತರವಾಗಿ ಹೋಗುವ ಬೀದಿ ಅದು. ಉದ್ದ ಒಂದು ಕಿಲೋಮೀಟರಿಗಿಂತ ಕಡಿಮೆ. ಪುಸ್ತಕದಂಗಡಿಗಳು, ಹೋಟೆಲುಗಳು, 2009ರಲ್ಲಿ ಎಂ.ಜಿ. ರಸ್ತೆಯಿಂದ ಅಲ್ಲಿಗೆ ಬಂದ ಇಂಡಿಯಾ ಕಾಫಿ ಹೌಸ್ ಅಲ್ಲಿವೆ. ಮೆಟ್ರೊ ನಿಲ್ದಾಣ ಕೂಗಳತೆಯಲ್ಲಿದೆ.

ಈ ಬೀದಿಯನ್ನು ಅಗೆದು ಹೊಸದಾಗಿ ಕಟ್ಟಿ 2018ರ ಮಾರ್ಚ್‌ನಲ್ಲಿ ಜನರಿಗೆ ಒಪ್ಪಿಸಿದರು. ಅಲ್ಲಿ ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಾಂಬರಿನ ಬದಲು ಕಲ್ಲಿನ ತುಂಡುಗಳನ್ನು ವಿನ್ಯಾಸವಾಗಿ ಜೋಡಿಸಿದ್ದಾರೆ. ಗಾಡಿ ಹೋಗುವ ಜಾಗಕ್ಕೂ ಜನ ನಡೆಯುವ ಜಾಗಕ್ಕೂ ನಡುವೆ ಎತ್ತರದ ಕಟ್ಟೆ ಇಲ್ಲ. ಸಾಲಾಗಿ ನೆಟ್ಟ ಗಿಡ್ಡ ಕಂಬಗಳೇ ಗಡಿ. ನೀರಿನ ಪೈಪು, ಒಳಚರಂಡಿ, ವಿದ್ಯುತ್ ಮತ್ತು ಟೆಲಿಫೋನ್ ಕೇಬಲ್ ಇವೆಲ್ಲಕ್ಕೂ ನೆಲದಡಿ ಬೇರೆ ಬೇರೆ ಕೊಳವೆಗಳನ್ನು ಮೊದಲೇ ಹಾಕಿ, ಅಲ್ಲಲ್ಲಿ ಮುಚ್ಚಳ ತೆಗೆದು ಇಳಿಯುವ ಗುಂಡಿ ಬಿಟ್ಟಿದ್ದಾರೆ. ಕೇಬಲ್ ಹಾಕುವವರು ಬಂದಾಗಲೆಲ್ಲ ರಸ್ತೆ ಅಗೆಯಬೇಕಾಗಿಲ್ಲ. ನಮ್ಮ ಊರುಗಳಲ್ಲಿ ಹೊಸ ಕಾಂಕ್ರೀಟ್ ರಸ್ತೆ ಆದ ಮೂರನೇ ತಿಂಗಳಿಗೆ ಕುಡಿಯುವ ನೀರಿನ ಪೈಪಿಗಾಗಿ ಅದನ್ನು ಒಡೆಯುವುದನ್ನು ಕಂಡವರಿಗೆ ಈ ಮುಂದಾಲೋಚನೆಯ ಬೆಲೆ ಗೊತ್ತಾಗುತ್ತದೆ.

ಅದರ ಮುಂದಿನ ಹೆಜ್ಜೆ 2020ರ ನವೆಂಬರ್‌ನಲ್ಲಿ. ಕೊರೊನಾ ಕಾಲದಲ್ಲಿ ಜನಕ್ಕೆ ಬಯಲು ಬೇಕಾಗಿತ್ತು, ಅಂಗಡಿಗಳಿಗೆ ಗಿರಾಕಿ ಬೇಕಾಗಿತ್ತು. ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ‘ಕ್ಲೀನ್ ಏರ್ ಸ್ಟ್ರೀಟ್’ ಎಂಬ ಹೆಸರಿನಲ್ಲಿ ಶನಿವಾರ, ಭಾನುವಾರ ಈ ಬೀದಿಗೆ ವಾಹನ ಬಿಡುವುದನ್ನು ನಿಲ್ಲಿಸಿತು. 2021ರ ಫೆಬ್ರವರಿಯವರೆಗೆ ಪ್ರಯೋಗ ನಡೆಯಿತು. ಅದರ ಪರಿಣಾಮವನ್ನು ಅಧ್ಯಯನ ಮಾಡಿದವರು ಭಾರತೀಯ ವಿಜ್ಞಾನ ಸಂಸ್ಥೆಯವರು. ಚಳ್ಳಕೆರೆ ತಾಲ್ಲೂಕಿನ ನಮ್ಮ ಕುದಾಪುರದಲ್ಲಿ ಎರಡನೇ ಆವರಣ ಇರುವುದು ಇದೇ ಸಂಸ್ಥೆಗೆ. ವಾಹನ ಸಂಚಾರ ನಿಂತ ದಿನಗಳಲ್ಲಿ ಗಾಳಿ ತಿಳಿಯಾಯಿತು, ಬೀದಿಗೆ ಬರುವ ಜನ ಹೆಚ್ಚಿದರು, ಬಂದವರಲ್ಲಿ ಬಹುಪಾಲು ಜನ ಇದು ಮುಂದುವರಿಯಲಿ ಎಂದರು. ಮಕ್ಕಳು ಬೀದಿಯ ನಡುವೆ ಓಡಾಡಿದರು, ಚಿತ್ರ ಬರೆಯುವವರು ನೆಲದ ಮೇಲೆ ಕೂತರು, ಮುದುಕರು ಆತುರವಿಲ್ಲದೆ ಬೀದಿ ದಾಟಿದರು.

ಆಮೇಲೆ? ವಾಹನಗಳು ವಾಪಸಾದವು. ವಾರದ ಏಳೂ ದಿನಕ್ಕೆ ಅದು ವಿಸ್ತರಿಸಲಿಲ್ಲ. ನಗರದ ಬೇರೆ ಪೇಟೆ ಬೀದಿಗಳಿಗೆ ಹಬ್ಬಬೇಕೆಂಬ ಮಾತು ಮಾತಾಗಿಯೇ ಉಳಿಯಿತು.

ಪ್ರಯೋಗ ಯಶಸ್ವಿಯಾಗಿಯೂ ಏಕೆ ನಿಂತಿತು ಎಂದು ನಾವು ಕೇಳಿಕೊಳ್ಳಬೇಕು. ನನಗೆ ಕಾಣುವ ಕಾರಣಗಳು ಮೂರು. ಮೊದಲನೆಯದು, ಅದು ವಾರಾಂತ್ಯದ ಕಾರ್ಯಕ್ರಮವಾಗಿತ್ತು, ದಿನದಿನದ ವ್ಯವಸ್ಥೆಯಾಗಲಿಲ್ಲ. ಕಾರ್ಯಕ್ರಮಕ್ಕೆ ಅನುದಾನ ಮುಗಿದರೆ ಕಾರ್ಯಕ್ರಮವೂ ಮುಗಿಯುತ್ತದೆ. ಎರಡನೆಯದು, ಒಂದೇ ಬೀದಿಯನ್ನು ಒಂಟಿಯಾಗಿ ಮುಚ್ಚಿದರೆ ಅಕ್ಕಪಕ್ಕದ ಬೀದಿಗೆ ವಾಹನದ ಹೊರೆ ಬೀಳುತ್ತದೆ ಎಂಬ ದೂರಿಗೆ ಉತ್ತರ ಸಿದ್ಧವಿರಲಿಲ್ಲ. ಬಸ್ಸು, ಪಾರ್ಕಿಂಗ್, ಸರಕು ಇಳಿಸುವ ವೇಳೆ ಇವನ್ನೆಲ್ಲ ಒಟ್ಟಿಗೆ ಯೋಚಿಸಿದ ಯೋಜನೆ ಬೇಕಾಗಿತ್ತು. ಮೂರನೆಯದು, ಈ ಬೀದಿ ನಮ್ಮದು ಎಂದು ಎದ್ದು ನಿಂತು ಕೇಳುವ ಸಂಘಟಿತ ದನಿ ನಡೆಯುವವರಿಗೆ ಇರಲಿಲ್ಲ. ವರ್ತಕರಿಗೆ ಸಂಘವಿದೆ, ಆಟೊದವರಿಗೆ ಸಂಘವಿದೆ. ನಡೆಯುವವರಿಗೆ ಇಲ್ಲ.

ಬೆಂಗಳೂರಿನದೇ ಗಾಂಧಿ ಬಜಾರಿನಲ್ಲಿಯೂ ಇದೇ ಕಥೆಯ ಇನ್ನೊಂದು ರೂಪ ಕಂಡಿತು. ಹೂವು, ಹಣ್ಣು, ಮರದ ನೆರಳು, 1943ರಿಂದ ನಡೆದು ಬಂದ ವಿದ್ಯಾರ್ಥಿ ಭವನ. ಮಾಸ್ತಿಯವರು ಗವಿಪುರದ ಮನೆಯಿಂದ ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಬಡಾವಣೆ ಅದು. ಆ ಬೀದಿಯನ್ನು ಪಾದಚಾರಿಗಳಿಗೆ ಅನುಕೂಲವಾಗುವಂತೆ ಕಟ್ಟಲು ಹೊರಟಾಗ ಅಂಗಡಿಯವರೂ ಬೀದಿ ಬದಿ ವ್ಯಾಪಾರಿಗಳೂ ಆತಂಕಗೊಂಡರು. ಗಿರಾಕಿ ಕಾರು ಎಲ್ಲಿ ನಿಲ್ಲಿಸುತ್ತಾನೆ ಎಂಬುದು ಅಂಗಡಿಯವರ ಪ್ರಶ್ನೆ. ಕೆಲಸ ಮುಗಿದ ಮೇಲೆ ನಮ್ಮ ಜಾಗ ನಮಗೆ ಸಿಗುತ್ತದೆಯೇ ಎಂಬುದು ಹೂವಿನವರ ಪ್ರಶ್ನೆ. ಎರಡೂ ಹೊಟ್ಟೆಪಾಡಿನ ಪ್ರಶ್ನೆಗಳು. ಗೌರವದಿಂದ ಉತ್ತರಿಸಬೇಕಾದವು.

3. ಅಂಗಡಿಯವರ ಭಯ

ಈ ಭಯ ಗಾಂಧಿ ಬಜಾರಿನದು ಮಾತ್ರವಲ್ಲ. 1962ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ ತನ್ನ ಮುಖ್ಯ ಪೇಟೆ ಬೀದಿ ಸ್ಟ್ರಾಯೆಟ್‌ಗೆ ವಾಹನ ಬರುವುದನ್ನು ನಿಲ್ಲಿಸಿತು. ಒಂದು ಕಿಲೋಮೀಟರಿಗೂ ಮಿಕ್ಕಿದ ಬೀದಿ. ಅಲ್ಲಿನ ವ್ಯಾಪಾರಿಗಳೂ ಪ್ರತಿಭಟಿಸಿದರು. ಇದು ಇಟಲಿಯಲ್ಲ, ಈ ಚಳಿಯಲ್ಲಿ ಯಾರು ಬೀದಿಯಲ್ಲಿ ಅಡ್ಡಾಡುತ್ತಾರೆ, ನಮ್ಮ ವ್ಯಾಪಾರ ಮುಳುಗುತ್ತದೆ ಎಂದರು. ಪ್ರಯೋಗವೆಂದು ಶುರುವಾದದ್ದು ಎರಡೇ ವರ್ಷದಲ್ಲಿ ಕಾಯಂ ಆಯಿತು. ವ್ಯಾಪಾರ ಮುಳುಗಲಿಲ್ಲ, ಬೆಳೆಯಿತು. ಆ ನಗರ ಅಲ್ಲಿಗೆ ನಿಲ್ಲದೆ ಒಂದೊಂದೇ ಬೀದಿ, ಒಂದೊಂದೇ ಚೌಕ ಸೇರಿಸುತ್ತ ಹೋಯಿತು. ವಾಸ್ತುಶಿಲ್ಪಿ ಯಾನ್ ಗೆಲ್ ಅವರು ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ಕೂರುತ್ತಾರೆ ಎಂದು ದಶಕಗಳ ಕಾಲ ಎಣಿಸಿ ತೋರಿಸಿದರು. ವಾಹನ ಎಣಿಸುವ ಇಲಾಖೆಗಳು ಎಲ್ಲೆಲ್ಲೂ ಇದ್ದವು. ಮನುಷ್ಯರನ್ನು ಎಣಿಸುವ ಪದ್ಧತಿ ಹೀಗೆ ಗಟ್ಟಿಯಾಯಿತು.

ಸ್ಪೇನಿನ ಪೊಂತೆವೆದ್ರ ನಮಗೆ ಇನ್ನೂ ಹತ್ತಿರದ ಮಾದರಿ, ಏಕೆಂದರೆ ಅದು ಸಣ್ಣ ಊರು. ಜನಸಂಖ್ಯೆ ಎಂಬತ್ತು ಸಾವಿರದ ಆಸುಪಾಸು. 1999ರಲ್ಲಿ ಹೊಸ ಮೇಯರ್ ಬಂದ ಮೇಲೆ ಊರ ನಡುವಿನ ಹಳೆಯ ಭಾಗವನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಸರಕಿನ ಗಾಡಿ, ಆಂಬುಲೆನ್ಸ್, ಅಲ್ಲೇ ವಾಸಿಸುವವರ ವಾಹನ, ಅಂಗವಿಕಲರ ವಾಹನ ಬರಬಹುದು. ಸುಮ್ಮನೆ ಹಾದುಹೋಗುವ ವಾಹನ ಬರುವಂತಿಲ್ಲ. ಊರಿನ ಒಂದು ಸ್ಥಳದಿಂದ ಇನ್ನೊಂದಕ್ಕೆ ನಡೆದು ಹೋಗಲು ಎಷ್ಟು ನಿಮಿಷ ಬೇಕು ಎಂದು ತೋರಿಸುವ ನಕ್ಷೆಯನ್ನು ಅಲ್ಲಿನ ಪೌರಸಭೆ ಅಚ್ಚು ಹಾಕಿಸಿತು. ಹತ್ತು ನಿಮಿಷದ ದಾರಿ ಎಂದು ತಿಳಿದಾಗ ಬೈಕಿನ ಕೀಲಿಗೆ ಕೈ ಹೋಗುವುದಿಲ್ಲ.

ನಮ್ಮ ದೇಶದಲ್ಲಿಯೂ ಉದಾಹರಣೆಗಳಿವೆ. ಗ್ಯಾಂಗ್‌ಟಾಕಿನ ಎಂ.ಜಿ. ಮಾರ್ಗ್‌ನಲ್ಲಿ ವಾಹನವಿಲ್ಲ. ಚೆನ್ನೈನ ಪಾಂಡಿ ಬಜಾರಿನಲ್ಲಿ 2019ರಲ್ಲಿ ಫುಟ್‌ಪಾತ್‌ಗಳನ್ನು ದೊಡ್ಡದಾಗಿ ಹಿಗ್ಗಿಸಿದರು. ದೆಹಲಿಯ ಚಾಂದನಿ ಚೌಕದಲ್ಲಿ ಕೆಂಪು ಕೋಟೆಯಿಂದ ಫತೇಪುರಿ ಮಸೀದಿಯವರೆಗೆ 2021ರಿಂದ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಕ್ಕೆ ನಿಷೇಧವಿದೆ. ಸೈಕಲ್ ರಿಕ್ಷಾ ಓಡುತ್ತವೆ. ನಮ್ಮದೇ ಉಡುಪಿಯ ರಥಬೀದಿಯಲ್ಲಿ ಜನ ವಾಹನದ ಕಾಟವಿಲ್ಲದೆ ಅಡ್ಡಾಡುತ್ತಾರೆ.

ಅಂಗಡಿಯವರಿಗೆ ನಾನು ಹೇಳುವುದಿಷ್ಟೆ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ನಿಮ್ಮ ಅಂಗಡಿಯ ಮುಂದೆ ಬೆಳಿಗ್ಗೆ ಬಂದು ಸಂಜೆಯವರೆಗೆ ನಿಲ್ಲುವ ಕಾರು ಬಹಳ ಸಲ ಗಿರಾಕಿಯದಲ್ಲ. ಪಕ್ಕದ ಅಂಗಡಿಯ ಮಾಲೀಕರದೋ, ಕಚೇರಿಗೆ ಬಂದವರದೋ ಆಗಿರುತ್ತದೆ. ಕಾರಿನಲ್ಲಿ ಹಾದುಹೋಗುವವನು ನಿಮ್ಮ ಅಂಗಡಿಯ ಬೋರ್ಡನ್ನಷ್ಟೇ ನೋಡುತ್ತಾನೆ. ನಡೆದು ಹೋಗುವವಳು ಗಾಜಿನೊಳಗೆ ನೇತುಹಾಕಿದ ಮೊಳಕಾಲ್ಮುರು ಸೀರೆಯ ಸೆರಗನ್ನು ನೋಡುತ್ತಾಳೆ, ನಿಲ್ಲುತ್ತಾಳೆ, ಒಳಗೆ ಬರುತ್ತಾಳೆ.

4. ಬೀದಿ ಉಳಿದು ಜನ ಹೋಗಬಾರದು

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಂಪಿ ನಮಗೆ ದೂರವಲ್ಲ. ವಿಜಯವಿಠ್ಠಲ ದೇವಾಲಯಕ್ಕೆ ಹೋಗುವ ವಾಹನಗಳನ್ನು ಗೆಜ್ಜಲ ಮಂಟಪದ ಬಳಿ ತಡೆದು, ಅಲ್ಲಿಂದ ಬ್ಯಾಟರಿ ವಾಹನದಲ್ಲಿ ಇಲ್ಲವೇ ಕಾಲ್ನಡಿಗೆಯಲ್ಲಿ ಹೋಗುವ ಏರ್ಪಾಡು ಮಾಡಿದ್ದಾರೆ. ಆ ವಾಹನಗಳನ್ನು ಸ್ಥಳೀಯ ಹೆಣ್ಣುಮಕ್ಕಳು ಓಡಿಸುತ್ತಾರೆ. ಕಲ್ಲಿನ ರಥಕ್ಕೂ ರಕ್ಷಣೆ, ಊರಿನ ಹೆಣ್ಣುಮಕ್ಕಳಿಗೂ ದುಡಿಮೆ. ಬಹಳ ಒಳ್ಳೆಯ ಕೆಲಸ.

ಅದೇ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ 2011ರ ಜುಲೈನಲ್ಲಿ, ಮಂಟಪಗಳಲ್ಲಿ ಮನೆ ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಜೆಸಿಬಿ ತಂದು ತೆರವು ಮಾಡಿದರು. ಸ್ಮಾರಕ ಉಳಿಸುವ ಉದ್ದೇಶ ಸರಿಯಿರಬಹುದು. ಆದರೆ ಆ ಬೀದಿಯಲ್ಲಿ ಬದುಕಿದ್ದವರು ಮೊದಲು ಹೋದರು, ಅವರ ಪುನರ್ವಸತಿ ಹಿಂದೆ ಬಿತ್ತು. ಬೀದಿಯನ್ನು ಚಂದ ಮಾಡುವ ಹೆಸರಿನಲ್ಲಿ ಬೀದಿಯ ಬಡವರನ್ನು ಗುಡಿಸಿ ಹಾಕುವ ಅಪಾಯ ಎಲ್ಲ ಪಾದಚಾರಿ ಯೋಜನೆಗಳಲ್ಲೂ ಇದೆ. ಅಂಥ ಯೋಜನೆಗೆ ನನ್ನ ಬೆಂಬಲ ಇಲ್ಲ.

ಇದಕ್ಕೆ ಕಾನೂನಿನ ಆಸರೆ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಪಟ್ಟಣದಲ್ಲಿ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು ಎನ್ನುತ್ತದೆ. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಸಹಜವಾಗಿ ನಡೆದು ಬಂದ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಿ, ಅಲ್ಲಿನವರನ್ನು ಸ್ಥಳಾಂತರಿಸದೆ ಉಳಿಸಬೇಕು ಎಂದೂ ಹೇಳುತ್ತದೆ. ವಾಹನಮುಕ್ತ ಬೀದಿಯ ನಕ್ಷೆ ಬರೆಯುವ ಎಂಜಿನಿಯರ್ ಮೊದಲು ಕೂತು ಮಾತಾಡಬೇಕಾದದ್ದು ಈ ಸಮಿತಿಯ ಜೊತೆ. ವಾಹನ ಹೋದ ಮೇಲೆ ಸಿಕ್ಕ ಜಾಗದಲ್ಲಿ ಮೊದಲ ಗೆರೆ ಎಳೆಯಬೇಕಾದದ್ದು ಸೊಪ್ಪಿನವಳ ಬುಟ್ಟಿಗೆ, ಚಪ್ಪಲಿ ಹೊಲಿಯುವವನ ಗೂಡಿಗೆ, ಕಂಬಳಿ ಮಾರುವವನ ಗಂಟಿಗೆ.

ನಡೆಯಲಾಗದವರ ಮಾತೂ ಇಲ್ಲಿ ಬರಬೇಕು. ಮಂಡಿ ನೋವಿನ ಅಜ್ಜಿ, ಗಾಲಿ ಕುರ್ಚಿಯಲ್ಲಿ ಬರುವವರು, ಹೆರಿಗೆಗೆ ಹೊರಟ ಹೆಂಗಸು, ಇವರೆಲ್ಲ ಬೀದಿಯ ಹಕ್ಕುದಾರರೇ. ಆಂಬುಲೆನ್ಸಿಗೂ ಅಗ್ನಿಶಾಮಕ ವಾಹನಕ್ಕೂ ದಾರಿ ಸದಾ ತೆರೆದಿರಬೇಕು. ಬೀದಿಯ ಎರಡೂ ತುದಿಯಲ್ಲಿ ಬ್ಯಾಟರಿ ಆಟೊ ಸಿಗಬೇಕು. ಕೂರಲು ಕಟ್ಟೆ, ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಬಾಗಿಲು ಸರಿಯಿರುವ ಶೌಚಾಲಯ ಬೇಕು. ಸರಕು ತರುವ ಗಾಡಿಗಳು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ರಾತ್ರಿ ಬಂದು ಇಳಿಸಿ ಹೋಗಬಹುದು. ಹಮಾಲರೊಂದಿಗೆ ಮಾತಾಡಿ ವೇಳೆ ಗೊತ್ತು ಮಾಡಬೇಕು. ಅವರ ಕೂಲಿಗೆ ಪೆಟ್ಟು ಬೀಳಬಾರದು.

5. ನಮ್ಮ ಊರಿನಲ್ಲಿ

ಚಳ್ಳಕೆರೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 55 ಸಾವಿರ. ಶೇಂಗಾ, ಎಣ್ಣೆ ಗಾಣ, ಕಂಬಳಿ ಇವುಗಳಿಂದ ಬೆಳೆದ ವ್ಯಾಪಾರದ ಊರು. ರಾಷ್ಟ್ರೀಯ ಹೆದ್ದಾರಿ 150ಎ ಹಾದುಹೋಗುವ ಊರು. ಮೊಳಕಾಲ್ಮುರು ಇನ್ನೂ ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದಾದ ಇಂಥ ಊರುಗಳಲ್ಲಿ ಪೇಟೆ ಬೀದಿಯನ್ನು ನಡೆಯುವವರಿಗೆ ಬಿಡುವುದು ಬೆಂಗಳೂರಿಗಿಂತ ಸುಲಭ, ಅಗ್ಗ. ಬೆಂಗಳೂರು ಕೆಟ್ಟ ಮೇಲೆ ಕೋಟಿಗಟ್ಟಲೆ ಸುರಿದು ಸರಿಪಡಿಸಲು ಹೆಣಗುತ್ತಿದೆ. ನಾವು ಕೆಡುವ ಮುಂಚೆಯೇ ಕಾಪಾಡಿಕೊಳ್ಳಬಹುದು.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ತೇರು ಎಳೆಯುವ ದಿನ ಲಕ್ಷಾಂತರ ಜನ ಒಂದೇ ಬೀದಿಯಲ್ಲಿ ಸೇರುತ್ತಾರೆ. ವಾಹನಗಳು ಊರ ಹೊರಗೆ ನಿಲ್ಲುತ್ತವೆ. ಬಸ್ಸುಗಳಿಗೆ ತಾತ್ಕಾಲಿಕ ನಿಲ್ದಾಣ, ಪೊಲೀಸರ ಬಂದೋಬಸ್ತು, ನೀರಿನ ವ್ಯವಸ್ಥೆ ಎಲ್ಲವೂ ಆಗುತ್ತದೆ. ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಅಂಗಡಿಯವರು, ಬಳೆಯವರು, ಆಟಿಕೆಯವರು ಆ ದಿನ ಮಾಡುವಷ್ಟು ವ್ಯಾಪಾರ ಇನ್ನಾವ ದಿನವೂ ಮಾಡುವುದಿಲ್ಲ. ಬೀದಿಗೆ ವಾಹನ ಬರದಿದ್ದರೆ ವ್ಯಾಪಾರ ಸಾಯುತ್ತದೆ ಎನ್ನುವವರು ಆ ಜಾತ್ರೆಯನ್ನು ನೋಡಬೇಕು. ದೇವರ ತೇರಿಗಾಗಿ ಒಂದು ದಿನ ಮಾಡಬಲ್ಲ ಏರ್ಪಾಡನ್ನು ಜನರ ನಡಿಗೆಗಾಗಿ ವಾರದಲ್ಲೊಂದು ದಿನ ಮಾಡಲು ಶುರು ಮಾಡೋಣ.

ಒಂದು ವಿಷಯದಲ್ಲಿ ಮಾತ್ರ ನಾವು ಯಾರನ್ನೂ ನಕಲು ಮಾಡಬಾರದು. ಅದು ಬಿಸಿಲು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು. ಏಪ್ರಿಲ್ ತಿಂಗಳ ಮಧ್ಯಾಹ್ನ ನೆರಳಿಲ್ಲದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲಲು ಆಗುವುದಿಲ್ಲ. ಯುರೋಪಿನ ಚಿತ್ರ ನೋಡಿ ಬೀದಿ ತುಂಬ ಕಲ್ಲು ಹಾಸಿ, ನಾಲ್ಕು ಅಲಂಕಾರದ ದೀಪದ ಕಂಬ ನಿಲ್ಲಿಸಿದರೆ ಹನ್ನೊಂದು ಗಂಟೆಗೆ ಆ ಬೀದಿ ಖಾಲಿಯಾಗುತ್ತದೆ. ನಮ್ಮ ಬೀದಿಗೆ ಮೊದಲು ಬೇಕಾದದ್ದು ಬೇವು, ಹೊಂಗೆ, ಅರಳಿ. ಮರದ ಬುಡಕ್ಕೆ ಕಾಂಕ್ರೀಟ್ ಬಳಿಯದೆ ನೀರು ಇಳಿಯಲು ಮಣ್ಣು ಬಿಡಬೇಕು. ಮರ ಬೆಳೆಯುವವರೆಗೆ ಬೀದಿಗೆ ಅಡ್ಡಲಾಗಿ ಬಟ್ಟೆಯ ಚಪ್ಪರ ಕಟ್ಟಬಹುದು. ಮದುವೆ ಮನೆಗೆ ಚಪ್ಪರ ಹಾಕುವ ಕೈಗಳು ಪ್ರತಿ ಊರಿನಲ್ಲೂ ಇವೆ.

ಆದ್ದರಿಂದ ಚಳ್ಳಕೆರೆಯ ನಗರಸಭೆಗೆ, ಮೊಳಕಾಲ್ಮುರಿನ ಪಟ್ಟಣ ಪಂಚಾಯಿತಿಗೆ ಈ ವೇದಿಕೆಯಿಂದ ನನ್ನ ವಿನಂತಿ ಹೀಗಿದೆ. ಹೆದ್ದಾರಿಯನ್ನು ಮುಟ್ಟಬೇಡಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿರುವ ಒಂದು ಪೇಟೆ ಬೀದಿಯನ್ನು ಆರಿಸಿ. ಮುಚ್ಚುವ ಮೊದಲು ಒಂದು ವಾರ ಅಲ್ಲಿ ನಡೆಯುವವರನ್ನು, ವಾಹನಗಳನ್ನು, ಅಂಗಡಿಗಳ ಗಿರಾಕಿಗಳನ್ನು ಎಣಿಸಿ. ಎಣಿಸುವ ಕೆಲಸವನ್ನು ಇಲ್ಲಿ ಕುಳಿತಿರುವ ಕಾಲೇಜಿನ ಮಕ್ಕಳು ಮಾಡಬಲ್ಲರು. ಸಂತೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಬೀದಿಗೆ ವಾಹನ ಬರುವುದನ್ನು ನಿಲ್ಲಿಸಿ. ಹಾಗೆ ಆರು ತಿಂಗಳು ಬಿಡದೆ ನಡೆಸಿ ಮತ್ತೆ ಎಣಿಸಿ, ಬಂದ ಲೆಕ್ಕವನ್ನು ಕಚೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ವರ್ತಕರೂ ಬೀದಿ ವ್ಯಾಪಾರಿಗಳೂ ಆಟೊದವರೂ ಕೂತು ಅದನ್ನು ಓದಲಿ, ತಪ್ಪಿದ್ದರೆ ತಿದ್ದಲಿ. ಒಪ್ಪಿಗೆಯಾದರೆ ವಾರದ ಎಲ್ಲ ದಿನಕ್ಕೆ ವಿಸ್ತರಿಸಿ, ಆಮೇಲೆ ಅದಕ್ಕೆ ಹೊಂದಿಕೊಂಡ ಎರಡನೇ ಬೀದಿಯನ್ನು ಸೇರಿಸಿ. ಬೀದಿಗಳು ಒಂದಕ್ಕೊಂದು ಕೂಡಿಕೊಂಡು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಸಂತೆ ಮೈದಾನ ಇವನ್ನು ಬೆಸೆದಾಗಲೇ ಅದು ಊರಿಗೆ ಬಂದ ಲಾಭ.

ವಿದ್ಯಾರ್ಥಿಗಳಿಗೆ ಕೊನೆಯ ಒಂದು ಮಾತು. ನಡೆಯುವವರಿಗೆ ಸಂಘವಿಲ್ಲ ಎಂದು ಆಗ ಹೇಳಿದೆ. ಆ ಸಂಘ ನೀವಾಗಬೇಕು. ನಿಮ್ಮ ವಾರ್ಡಿನ ಸದಸ್ಯರ ಬಳಿ ಹೋಗಿ, ನಮ್ಮ ಬೀದಿಯಲ್ಲಿ ನಡೆಯಲು 1.8 ಮೀಟರ್ ಜಾಗ ಎಲ್ಲಿದೆ ತೋರಿಸಿ ಎಂದು ಕೇಳಿ. ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ನಾಳೆ ಸೋಮವಾರವೇ ಆ ಕೆಲಸ ಶುರು ಮಾಡಿ.